ಮಲಗಿದ ಮನೆಯಲ್ಲಿ ಓಡಿದ ಮೀಟರು

ಅಕ್ಕಂದಿರೇ, ತಂಗಿಯರೇ,

ನಿಮಗೆ ಈಗ ಅಕ್ಷರ ಬಂದಿದೆ. ಅಂಕಿ ಬಂದಿದೆ. ಕೂಡುವುದು, ಕಳೆಯುವುದು ಬಂದಿದೆ. ಇವುಗಳಿಂದ ಮನೆಗೆ ಏನು ಉಪಯೋಗ? ಈ ಪಾಠದಲ್ಲಿ ಒಬ್ಬ ಸೊಸೆಯ ಕಥೆ ಇದೆ. ಅವಳೂ ನಿಮ್ಮ ಹಾಗೆ ದೊಡ್ಡವಳಾದ ಮೇಲೆ ಓದು ಕಲಿತವಳು. ಅವಳು ಕರೆಂಟಿನ ಲೆಕ್ಕವನ್ನು ಹೇಗೆ ಬಿಡಿಸಿದಳು? ಓದೋಣ ಬನ್ನಿ.

ಬಿಲ್ಲು ಬಂತು

ಬೆಂಗಳೂರಿನಲ್ಲಿ ಒಂದು ಬಾಡಿಗೆ ಮನೆ. ಮೂರನೇ ಮಹಡಿ. ಒಂದು ಹಾಲು, ಒಂದು ರೂಮು, ಅಡಿಗೆಮನೆ, ಬಚ್ಚಲುಮನೆ. ಮನೆಯಲ್ಲಿ ಅತ್ತೆ, ಸೊಸೆ, ಆರನೇ ಕ್ಲಾಸು ಓದುವ ಮೊಮ್ಮಗಳು. ಮಗ ಲಾರಿ ಓಡಿಸುತ್ತಾನೆ. ಅವನು ಮನೆಯಲ್ಲಿ ಇರುವುದು ಅಪರೂಪ. ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ.

ಆ ಮನೆಯಲ್ಲಿ ಗ್ಯಾಸ್ ಇಲ್ಲ. ಮೂರು ಮಹಡಿ ಸಿಲಿಂಡರ್ ಹೊರುವವರು ಯಾರು? ಹಾಗಾಗಿ ಎಲ್ಲವೂ ಕರೆಂಟಿನ ಮೇಲೆಯೇ. ಅಡಿಗೆಗೆ ಇಂಡಕ್ಷನ್ ಒಲೆ. ಸ್ನಾನಕ್ಕೆ ಗೀಸರ್. ಒಂದು ಸಣ್ಣ ಫ್ರಿಜ್ಜು. ಎರಡು ಫ್ಯಾನು. ಒಂದು ಟಿ.ವಿ.

ಪ್ರತಿ ತಿಂಗಳೂ ಅವರ ಬಿಲ್ಲು ಸೊನ್ನೆ ಬರುತ್ತಿತ್ತು. ಒಂದು ತಿಂಗಳು ಸ್ವಲ್ಪ ಹಣ ಕಟ್ಟಬೇಕಾಯಿತು. 'ಬೇಸಿಗೆ, ಫ್ಯಾನು ಜಾಸ್ತಿ ಓಡಿರಬೇಕು' ಎಂದು ಸುಮ್ಮನಾದರು. ಮುಂದಿನ ತಿಂಗಳ ಬಿಲ್ಲು ಸಾವಿರ ರೂಪಾಯಿ ದಾಟಿತು.

ಅತ್ತೆಗೆ ಸಿಟ್ಟು ಬಂತು.

"ನೋಡಮ್ಮ, ಸೊನ್ನೆ ಬರ್ತಿದ್ದ ಬಿಲ್ಲು ಸಾವಿರ ದಾಟ್ತು. ದಿನಾ ರಾತ್ರಿ ದೀಪ ಹಾಕ್ಕೊಂಡು ಪುಸ್ತಕ ಹಿಡ್ಕೊಂಡು ಕೂತ್ಕೋತೀಯ. ಫೋನು ಬೇರೆ ಚಾರ್ಜಿಗೆ ಹಾಕಿರ್ತೀಯ. ಸಾಕು ಬಿಡು ಈ ಓದು. ನಾವೆಲ್ಲಾ ಓದದೇನೇ ಸಂಸಾರ ಮಾಡ್ಲಿಲ್ವಾ?"

ಸೊಸೆಗೆ ಕಣ್ಣು ತುಂಬಿ ಬಂತು. ಅವಳು ಓದುತ್ತಿದ್ದುದು ದಿನಕ್ಕೆ ಒಂದೇ ಗಂಟೆ. ರಾತ್ರಿ ಎಂಟರಿಂದ ಒಂಬತ್ತು. ಆ ಒಂದು ಗಂಟೆ ಮಾತ್ರ ಅವಳದು. ಆದರೂ ಅವಳು ಎದುರು ಮಾತಾಡಲಿಲ್ಲ.

"ಆಯ್ತು ಅತ್ತೆ. ನನ್ನ ಓದಿನಿಂದಾನೇ ಈ ಬಿಲ್ಲು ಬಂದಿದ್ರೆ ಓದೋದು ಬಿಟ್ಬಿಡ್ತೀನಿ. ಒಂದು ವಾರ ಟೈಮ್ ಕೊಡಿ. ಲೆಕ್ಕ ಹಾಕಿ ನೋಡ್ತೀನಿ" ಅಂದಳು.

ಮೊದಲು ಬಿಲ್ಲು ಓದಿದಳು

ಸೊಸೆ ಹಳೆಯ ಬಿಲ್ಲುಗಳನ್ನೆಲ್ಲ ಹುಡುಕಿ ತೆಗೆದಳು. ನೆಲದ ಮೇಲೆ ಸಾಲಾಗಿ ಇಟ್ಟಳು.

ಬಿಲ್ಲಿನಲ್ಲಿ 'ಇಂದಿನ ಮಾಪನ' ಎಂದು ಒಂದು ಸಂಖ್ಯೆ ಇರುತ್ತದೆ. 'ಹಿಂದಿನ ಮಾಪನ' ಎಂದು ಇನ್ನೊಂದು ಇರುತ್ತದೆ. ಇಂದಿನದರಲ್ಲಿ ಹಿಂದಿನದನ್ನು ಕಳೆದರೆ ಆ ತಿಂಗಳು ಉಪಯೋಗಿಸಿದ ಯೂನಿಟ್ಟು ಸಿಗುತ್ತದೆ. ಅವಳು ಕಳೆದು ಬರೆದುಕೊಂಡಳು.

ಮೊದಲೆಲ್ಲಾ: 156 ಯೂನಿಟ್
ಹೋದ ತಿಂಗಳು: 178 ಯೂನಿಟ್
ಈ ತಿಂಗಳು: 207 ಯೂನಿಟ್

ಇಲ್ಲಿ ನಾವು ಒಂದು ವಿಷಯ ತಿಳಿಯಬೇಕು. ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ಶುರುವಾಯಿತು. ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಕೆಲವರು ತಿಳಿದಿದ್ದಾರೆ. ಅದು ಹಾಗಲ್ಲ. ಪ್ರತಿ ಮನೆಗೂ ಇಷ್ಟು ಯೂನಿಟ್ ಎಂದು ನಿಗದಿ ಮಾಡಿರುತ್ತಾರೆ. ಮನೆಯವರು ಹಿಂದೆ ಎಷ್ಟು ಉಪಯೋಗಿಸುತ್ತಿದ್ದರು ಎಂದು ನೋಡಿ ಅದನ್ನು ನಿಗದಿ ಮಾಡುತ್ತಾರೆ.

ಇದರಲ್ಲಿ ಮೂರು ಮಾತು ನೆನಪಿರಲಿ.

ಒಂದು: ನಿಗದಿಯ ಒಳಗೆ ಇದ್ದರೆ ಬಿಲ್ಲು ಸೊನ್ನೆ.
ಎರಡು: ನಿಗದಿ ದಾಟಿ, 200ರ ಒಳಗೆ ಇದ್ದರೆ, ಹೆಚ್ಚಾದ ಯೂನಿಟ್ಟಿಗೆ ಮಾತ್ರ ಹಣ.
ಮೂರು: 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು.

ಈ ಮನೆಗೆ ನಿಗದಿಯಾಗಿದ್ದು 165 ಯೂನಿಟ್. ಮೊದಲು 156 ಆಗುತ್ತಿತ್ತು. ಅದಕ್ಕೇ ಸೊನ್ನೆ. ಹೋದ ತಿಂಗಳು 178 ಆಯಿತು. 13 ಯೂನಿಟ್ಟಿಗೆ ಹಣ ಕಟ್ಟಿದರು. ಈ ತಿಂಗಳು 207. ಮೇಲೆ ಹೋದದ್ದು ಬರೀ 7 ಯೂನಿಟ್. ಆದರೆ ಹಣ ಕಟ್ಟಬೇಕಾದ್ದು 207 ಯೂನಿಟ್ಟಿಗೂ!

ಲೆಕ್ಕಕ್ಕೆ ಸುಲಭವಾಗಲಿ ಎಂದು ಯೂನಿಟ್ಟಿಗೆ 6 ರೂಪಾಯಿ ಎಂದು ಇಟ್ಟುಕೊಳ್ಳೋಣ. 207ನ್ನು 6ರಿಂದ ಗುಣಿಸಿದರೆ 1,242 ರೂಪಾಯಿ. ಇದರ ಮೇಲೆ ನಿಗದಿತ ಶುಲ್ಕ ಬೇರೆ. ದರ ಆಗಾಗ ಬದಲಾಗುತ್ತದೆ. ನಿಮ್ಮ ಬಿಲ್ಲಿನಲ್ಲಿ ಇರುವ ದರವನ್ನು ನೋಡಿ ಲೆಕ್ಕ ಹಾಕಿ.

ಸೊಸೆಗೆ ಒಂದು ಮಾತು ಖಚಿತವಾಯಿತು. 207ರಲ್ಲಿ 156 ಕಳೆದರೆ 51. ತಿಂಗಳಿಗೆ 51 ಯೂನಿಟ್ ಎಲ್ಲೋ ಹೋಗುತ್ತಿದೆ. ಎಲ್ಲಿ?

ಯೂನಿಟ್ ಅಂದರೇನು?

ಅಕ್ಕಿಯನ್ನು ಸೇರಿನಲ್ಲಿ, ಕಿಲೋದಲ್ಲಿ ಅಳೆಯುತ್ತೇವೆ. ಹಾಲನ್ನು ಲೀಟರಿನಲ್ಲಿ ಅಳೆಯುತ್ತೇವೆ. ಹಾಗೆಯೇ ಕರೆಂಟನ್ನು ಯೂನಿಟ್ಟಿನಲ್ಲಿ ಅಳೆಯುತ್ತಾರೆ.

ಪ್ರತಿ ಸಾಮಾನಿನ ಮೇಲೂ ಇಷ್ಟು ವ್ಯಾಟ್ ಎಂದು ಬರೆದಿರುತ್ತದೆ. ವ್ಯಾಟ್ ಅಂದರೆ ಆ ಸಾಮಾನಿನ ಹಸಿವು ಎಂದು ತಿಳಿಯಿರಿ. ವ್ಯಾಟ್ ಹೆಚ್ಚಾದರೆ ಹಸಿವು ಹೆಚ್ಚು. 1000 ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್.

ಲೆಕ್ಕ ಹೀಗೆ: ವ್ಯಾಟನ್ನು ಗಂಟೆಯಿಂದ ಗುಣಿಸಬೇಕು. ಬಂದದ್ದನ್ನು 1000ದಿಂದ ಭಾಗಿಸಬೇಕು.

ಸೊಸೆ ಮೊದಲು ತನ್ನ ಓದಿನ ದೀಪದ ಲೆಕ್ಕ ಹಾಕಿದಳು. ಅದು 9 ವ್ಯಾಟಿನ ಎಲ್.ಇ.ಡಿ. ಬಲ್ಬು. ದಿನಕ್ಕೆ ಒಂದು ಗಂಟೆ. ತಿಂಗಳಿಗೆ 30 ಗಂಟೆ. 9ನ್ನು 30ರಿಂದ ಗುಣಿಸಿದರೆ 270. ಅದನ್ನು 1000ದಿಂದ ಭಾಗಿಸಿದರೆ 0.27. ಅಂದರೆ ಕಾಲು ಯೂನಿಟ್ಟಿಗಿಂತ ಒಂದು ಚೂರು ಹೆಚ್ಚು. ಹಣದಲ್ಲಿ ಹೇಳಿದರೆ ತಿಂಗಳಿಗೆ ಎರಡು ರೂಪಾಯಿಯೂ ಇಲ್ಲ!

ಅವಳ ಮನಸ್ಸು ಹಗುರಾಯಿತು. ಆದರೆ ಇದನ್ನು ಹೇಳಿದರೆ ಅತ್ತೆ ನಂಬಬೇಕಲ್ಲ. ಕಳ್ಳ ಯಾರು ಎಂದು ತೋರಿಸಿದರೆ ತಾನೇ ನಂಬುವುದು?

ಮೀಟರ್ ಓದಿದಳು

ಮೀಟರುಗಳು ಕೆಳಗೆ ಮೆಟ್ಟಿಲಿನ ಹತ್ತಿರ ಇದ್ದವು. ಸಾಲಾಗಿ ಎಂಟು ಮೀಟರು. ತಮ್ಮದು ಯಾವುದು? ಬಿಲ್ಲಿನಲ್ಲಿ ಆರ್.ಆರ್. ಸಂಖ್ಯೆ ಇತ್ತು. ಮೀಟರಿನ ಹತ್ತಿರವೂ ಅದೇ ಸಂಖ್ಯೆ ಬರೆದಿತ್ತು. ಎರಡನ್ನೂ ತಾಳೆ ನೋಡಿದಳು. ಸರಿಯಾಗಿತ್ತು.

ಮೀಟರಿನ ಗಾಜಿನಲ್ಲಿ ಸಂಖ್ಯೆಗಳು ಬದಲಾಗುತ್ತಾ ಇರುತ್ತವೆ. ಒಂದು ಸಲ ತಾರೀಖು ಬರುತ್ತದೆ. ಒಂದು ಸಲ ಗಂಟೆ ಬರುತ್ತದೆ. ಗಾಬರಿ ಬೇಡ. ಸ್ವಲ್ಪ ಕಾಯಬೇಕು. ಸಂಖ್ಯೆಯ ಪಕ್ಕದಲ್ಲಿ ಇಂಗ್ಲಿಷಿನ ಕೆ, ಡಬ್ಲ್ಯು, ಎಚ್ ಎಂಬ ಮೂರು ಅಕ್ಷರ ಬಂದಾಗ ಕಾಣುವುದೇ ಯೂನಿಟ್. ಅದನ್ನು ಬರೆದುಕೊಳ್ಳಬೇಕು. ಚುಕ್ಕಿ ಇದ್ದರೆ ಚುಕ್ಕಿಯನ್ನೂ ಬರೆಯಬೇಕು.

ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪವೂ ಇರುತ್ತದೆ. ಕರೆಂಟು ಖರ್ಚಾದ ಹಾಗೆ ಅದು ಮಿನುಗುತ್ತದೆ. ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಎಂದು ಮೀಟರಿನ ಮೇಲೆಯೇ ಬರೆದಿರುತ್ತದೆ. ಈ ಮನೆಯ ಮೀಟರಿನಲ್ಲಿ 3200 ಎಂದಿತ್ತು. 9 ವ್ಯಾಟಿನ ಬಲ್ಬು ಒಂದೇ ಉರಿಯುತ್ತಿದ್ದರೆ ಆ ದೀಪ ಸುಮಾರು ಎರಡು ನಿಮಿಷಕ್ಕೆ ಒಂದು ಸಲ ಮಿನುಗುತ್ತದೆ. 2000 ವ್ಯಾಟಿನ ಗೀಸರ್ ಉರಿಯುತ್ತಿದ್ದರೆ ನಿಮಿಷಕ್ಕೆ ನೂರು ಸಲಕ್ಕಿಂತ ಹೆಚ್ಚು ಮಿನುಗುತ್ತದೆ.

ಸೊಸೆ ಮೊದಲು ಒಂದು ಪರೀಕ್ಷೆ ಮಾಡಿದಳು. ಮಗಳನ್ನು ಮೀಟರಿನ ಮುಂದೆ ನಿಲ್ಲಿಸಿದಳು. ತಾನು ಮೇಲೆ ಹೋಗಿ ಮನೆಯ ಮೈನ್ ಸ್ವಿಚ್ ಆರಿಸಿದಳು.

"ಅಮ್ಮಾ, ದೀಪ ನಿಂತೋಯ್ತು!" ಎಂದು ಮಗಳು ಕೆಳಗಿನಿಂದ ಕೂಗಿದಳು.

ಐದು ನಿಮಿಷ ಕಾದರೂ ದೀಪ ಮಿನುಗಲಿಲ್ಲ. ಹಾಗಾದರೆ ಬೇರೆ ಯಾರೂ ಇವರ ಮೀಟರಿನಿಂದ ಕರೆಂಟು ತೆಗೆದುಕೊಳ್ಳುತ್ತಿಲ್ಲ. ಕಳ್ಳ ಮನೆಯ ಒಳಗೇ ಇದ್ದಾನೆ.

ರಾತ್ರಿಯೇ ಹೆಚ್ಚು!

ಸೊಸೆ ಒಂದು ನೋಟ್ ಪುಸ್ತಕ ಮಾಡಿದಳು. ರಾತ್ರಿ 9 ಗಂಟೆಗೆ ಅಡಿಗೆ, ಊಟ, ಓದು ಎಲ್ಲಾ ಮುಗಿಯುತ್ತದೆ. ಆಗ ಮೀಟರ್ ಬರೆದುಕೊಂಡಳು. ಬೆಳಿಗ್ಗೆ 5 ಗಂಟೆಗೆ ಎದ್ದ ಕೂಡಲೇ, ನೀರು ಮುಟ್ಟುವ ಮೊದಲೇ, ಮತ್ತೆ ಬರೆದುಕೊಂಡಳು. ನಡುವೆ 8 ಗಂಟೆ.

ಮೊದಲನೇ ರಾತ್ರಿ
ಬೆಳಿಗ್ಗೆ 5 ಗಂಟೆ: 4830.5
ರಾತ್ರಿ 9 ಗಂಟೆ: 4826.3
ಕಳೆದರೆ: 4.2 ಯೂನಿಟ್

ಅದೇ ದಿನ ರಾತ್ರಿ 9 ಗಂಟೆಗೆ ಮೀಟರಿನಲ್ಲಿ 4833.2 ಇತ್ತು. ಅಂದರೆ ಬೆಳಿಗ್ಗೆ 5ರಿಂದ ರಾತ್ರಿ 9ರವರೆಗೆ ಆದದ್ದು 2.7 ಯೂನಿಟ್.

ಸೊಸೆಗೆ ಆಶ್ಚರ್ಯವಾಯಿತು. ಹಗಲು 16 ಗಂಟೆ. ಅಡಿಗೆ ಆಯಿತು, ಸ್ನಾನ ಆಯಿತು, ಟಿ.ವಿ. ಆಯಿತು, ಓದೂ ಆಯಿತು. ಅಷ್ಟಕ್ಕೂ 2.7. ರಾತ್ರಿ 8 ಗಂಟೆ ಎಲ್ಲರೂ ಮಲಗಿದ್ದಾರೆ. ಆದರೂ 4.2!

"ಅತ್ತೆ, ನಾನು ಓದೋ ಹೊತ್ತಲ್ಲಿ ಅಲ್ಲ, ನಾವೆಲ್ಲಾ ಮಲಗಿರೋ ಹೊತ್ತಲ್ಲಿ ಕರೆಂಟು ಹೋಗ್ತಿದೆ" ಅಂದಳು.

"ಹಾಗಾದ್ರೆ ಆ ಫೋನೇ. ರಾತ್ರಿಯೆಲ್ಲಾ ಚುಚ್ಚಿರ್ತೀಯಲ್ಲ" ಎಂದರು ಅತ್ತೆ.

"ಇರಬಹುದು ಅತ್ತೆ. ನೋಡೇ ಬಿಡೋಣ."

ಒಂದೊಂದೇ ಆರಿಸಿ ನೋಡಿದಳು

ಎರಡನೇ ರಾತ್ರಿ ಸೊಸೆ ಫೋನಿನ ಚಾರ್ಜರ್ ಕಿತ್ತಿಟ್ಟಳು. ಟಿ.ವಿ., ಅದರ ಡಬ್ಬಿ ಎರಡರ ಸ್ವಿಚ್ಚನ್ನೂ ಗೋಡೆಯಲ್ಲೇ ಆರಿಸಿದಳು. ಉಳಿದದ್ದು ಎಂದಿನ ಹಾಗೆ.

ಬೆಳಿಗ್ಗೆ 4837.3. ರಾತ್ರಿ 4833.2. ಕಳೆದರೆ 4.1.

ಕಡಿಮೆಯಾದದ್ದು ಬರೀ 0.1. ಅಂದರೆ ಒಂದು ಯೂನಿಟ್ಟಿನ ಹತ್ತನೇ ಒಂದು ಪಾಲು. ಫೋನು ಕಳ್ಳನಲ್ಲ. ಒಂದು ಫೋನನ್ನು ಸುಮಾರು 50 ಸಲ ಚಾರ್ಜ್ ಮಾಡಿದರೆ ಒಂದು ಯೂನಿಟ್ ಆಗುತ್ತದೆ ಅಷ್ಟೆ.

ಮೂರನೇ ರಾತ್ರಿ ಫ್ಯಾನಿನ ಸರದಿ. ಅತ್ತೆ ರೂಮಿನಲ್ಲಿ ಮಲಗುತ್ತಿದ್ದರು. ಸೊಸೆ, ಮೊಮ್ಮಗಳು ಹಾಲಿನಲ್ಲಿ. ಎರಡು ಕಡೆ ಎರಡು ಫ್ಯಾನು.

"ಅತ್ತೆ, ಇವತ್ತು ಒಂದು ರಾತ್ರಿ ಹಾಲಿನಲ್ಲೇ ಮಲಗ್ತೀರಾ? ಒಂದೇ ಫ್ಯಾನು ಹಾಕೋಣ."

"ಓಹೋ, ಈಗ ನನ್ನ ಫ್ಯಾನಿನ ಮೇಲೆ ಅನುಮಾನಾನ?" ಎಂದು ಅತ್ತೆ ನಕ್ಕರು. ಚಾಪೆ ತಂದು ಹಾಸಿಕೊಂಡರು.

ಬೆಳಿಗ್ಗೆ 4843.6. ರಾತ್ರಿ 4840.0. ಕಳೆದರೆ 3.6.

ಕಡಿಮೆಯಾದದ್ದು 0.6. ಫ್ಯಾನು 75 ವ್ಯಾಟ್. 8 ಗಂಟೆ ಓಡಿದರೆ 600. 1000ದಿಂದ ಭಾಗಿಸಿದರೆ 0.6. ಲೆಕ್ಕವೂ ಮೀಟರೂ ಒಂದೇ ಮಾತು ಹೇಳಿದವು. ಫ್ಯಾನು ತಿನ್ನಬೇಕಾದಷ್ಟೇ ತಿನ್ನುತ್ತಿದೆ. ಅದೂ ಕಳ್ಳನಲ್ಲ.

ನಾಲ್ಕನೇ ರಾತ್ರಿ. ಎರಡೂ ಫ್ಯಾನು ಹಾಕಿದರು. ಫೋನನ್ನೂ ಚಾರ್ಜಿಗೆ ಇಟ್ಟರು. ಆದರೆ ಗೀಸರ್ ಆರಿಸಿದರು. ಬೆಳಿಗ್ಗೆ ಬೇಗ ಬಿಸಿನೀರು ಸಿಗಲಿ ಎಂದು ದಿನಾ ರಾತ್ರಿ ಒಂಬತ್ತಕ್ಕೇ ಗೀಸರ್ ಹಾಕಿಬಿಡುತ್ತಿದ್ದರು. ನೀರು ಕಾದ ಮೇಲೆ ಅದು ತಾನೇ ನಿಲ್ಲುತ್ತದೆ. ಹಾಗಾಗಿ ಖರ್ಚಿಲ್ಲ ಎಂದು ತಿಳಿದಿದ್ದರು.

ಬೆಳಿಗ್ಗೆ 4847.9. ರಾತ್ರಿ 4846.3. ಕಳೆದರೆ 1.6!

ಸೊಸೆ ಎರಡು ಸಲ ಕಳೆದು ನೋಡಿದಳು. ಉತ್ತರ ಅದೇ. 4.2ರಲ್ಲಿ 1.6 ಹೋದರೆ 2.6. ಅಂದರೆ ರಾತ್ರಿಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಗೀಸರ್ ಒಂದರದ್ದೇ.

ಗೀಸರ್ ಯಾಕೆ ಇಷ್ಟು ತಿಂದಿತು?

ಆದರೆ ಇನ್ನೊಂದು ಪ್ರಶ್ನೆ ಉಳಿಯಿತು. ಮೊದಲೂ ರಾತ್ರಿ ಗೀಸರ್ ಹಾಕುತ್ತಿದ್ದರು. ಆಗ ಬಿಲ್ಲು ಸೊನ್ನೆಯೇ ಬರುತ್ತಿತ್ತು. ಈಗ ಮಾತ್ರ ಯಾಕೆ ಹೆಚ್ಚಾಯಿತು?

ಅವರದು 15 ಲೀಟರಿನ ಗೀಸರ್. 2000 ವ್ಯಾಟ್. ಒಂದು ಸಲ ನೀರು ಪೂರ್ತಿ ಕಾಯಲು ಸುಮಾರು 20 ನಿಮಿಷ ಸಾಕು. ಅದಕ್ಕೆ ಸುಮಾರು 0.6 ಯೂನಿಟ್ ಬೇಕು. ಕಾದ ನೀರು ನಿಂತಲ್ಲೇ ಸ್ವಲ್ಪ ಸ್ವಲ್ಪ ಆರುತ್ತದೆ. ಗೀಸರ್ ಅದನ್ನು ಮತ್ತೆ ಕಾಯಿಸುತ್ತದೆ. ಅದಕ್ಕೆ ರಾತ್ರಿಯಲ್ಲಿ 0.3 ಯೂನಿಟ್ ಎಂದು ಇಟ್ಟುಕೊಳ್ಳೋಣ. ಎರಡೂ ಸೇರಿದರೆ 0.9. ಆದರೆ ಆಗುತ್ತಿರುವುದು 2.6. ಉಳಿದ 1.7 ಎಲ್ಲಿಗೆ ಹೋಯಿತು?

ಐದನೇ ರಾತ್ರಿ ಸೊಸೆ ಗೀಸರ್ ಹಾಕಿ ಮಲಗಿದಳು. ರಾತ್ರಿ ಒಂದು ಗಂಟೆಗೆ ಎದ್ದು ಬಚ್ಚಲುಮನೆಗೆ ಹೋದಳು. ಗೀಸರಿನ ಕೆಂಪು ದೀಪ ಉರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಆರಿತು. ಮತ್ತೆ ಸ್ವಲ್ಪ ಹೊತ್ತಿಗೆ ಹತ್ತಿತು. ಯಾರೂ ನೀರು ಬಳಸುತ್ತಿಲ್ಲ. ಆದರೂ ಗೀಸರ್ ಮತ್ತೆ ಮತ್ತೆ ಕಾಯಿಸುತ್ತಿದೆ.

ಆಗ ಅವಳ ಕಿವಿಗೆ ನೀರಿನ ಸದ್ದು ಬಿತ್ತು.

ಬಚ್ಚಲಿನಲ್ಲಿ ಎರಡು ನಲ್ಲಿ. ಒಂದು ತಣ್ಣೀರಿನದು. ಒಂದು ಬಿಸಿನೀರಿನದು. ಬಿಸಿನೀರಿನ ನಲ್ಲಿ ಎರಡು ತಿಂಗಳಿನಿಂದ ಸೋರುತ್ತಿತ್ತು. ದಾರದ ಹಾಗೆ ಸಣ್ಣಗೆ ನೀರು ಬೀಳುತ್ತಿತ್ತು. ಬೆಂಗಳೂರಿನಲ್ಲಿ ನೀರಿಗೆ ಎಷ್ಟು ಕಷ್ಟ! ಹನಿ ನೀರೂ ಹಾಳಾಗಬಾರದು ಎಂದು ಅತ್ತೆ ಅದರ ಕೆಳಗೆ ಒಂದು ಡ್ರಮ್ಮು ಇಟ್ಟಿದ್ದರು. 40 ಲೀಟರಿನ ಡ್ರಮ್ಮು. ಬೆಳಿಗ್ಗೆ ಹೊತ್ತಿಗೆ ತುಂಬಿರುತ್ತಿತ್ತು. ಆ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದರು.

ಸೊಸೆ ಮೊದಲು ಗೀಸರಿನ ಸ್ವಿಚ್ ಆರಿಸಿದಳು. ಆಮೇಲೆ ಸೋರುವ ನೀರಿಗೆ ಕೈ ಒಡ್ಡಿದಳು. ನೀರು ಬೆಚ್ಚಗಿತ್ತು!

ಈಗ ಎಲ್ಲಾ ಗೊತ್ತಾಯಿತು. ನಲ್ಲಿಯಿಂದ ಬಿಸಿನೀರು ಸೋರಿದಷ್ಟೂ ಗೀಸರಿಗೆ ತಣ್ಣೀರು ತುಂಬಿಕೊಳ್ಳುತ್ತದೆ. ಗೀಸರ್ ಅದನ್ನು ಕಾಯಿಸುತ್ತದೆ. ಕಾದದ್ದು ಮತ್ತೆ ಸೋರುತ್ತದೆ. ಬೆಳಿಗ್ಗೆವರೆಗೂ ಇದೇ ಕೆಲಸ. ಡ್ರಮ್ಮಿಗೆ ಬಿದ್ದ ನೀರು ಬೆಳಿಗ್ಗೆ ಹೊತ್ತಿಗೆ ಆರಿರುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

15 ಲೀಟರ್ ಕಾಯಲು 0.6 ಯೂನಿಟ್. ಹಾಗಾದರೆ 40 ಲೀಟರಿಗೆ ಎಷ್ಟು? 0.6ನ್ನು 15ರಿಂದ ಭಾಗಿಸಿ 40ರಿಂದ ಗುಣಿಸಿ. 1.6 ಯೂನಿಟ್. ಕಾಣೆಯಾಗಿದ್ದು 1.7. ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು. ತಿಂಗಳಿಗೆ 30 ರಾತ್ರಿ. 1.7ನ್ನು 30ರಿಂದ ಗುಣಿಸಿದರೆ 51. ಬಿಲ್ಲಿನಲ್ಲಿ ಹೆಚ್ಚಾಗಿದ್ದೂ 51 ಯೂನಿಟ್!

ಅತ್ತೆ ಏನೆಂದರು?

ಬೆಳಿಗ್ಗೆ ಸೊಸೆ ನೋಟ್ ಪುಸ್ತಕ ತಂದು ಅತ್ತೆಯ ಮುಂದೆ ಇಟ್ಟಳು. ಒಂದೊಂದೇ ಸಂಖ್ಯೆ ತೋರಿಸಿ ಹೇಳಿದಳು. ಅತ್ತೆ ಸುಮ್ಮನೆ ಕೇಳಿದರು. ಆಮೇಲೆ ಹೇಳಿದರು:

"ಅಯ್ಯೋ, ನೀರು ಉಳಿಸ್ತಿದ್ದೀನಿ ಅಂದ್ಕೊಂಡಿದ್ದೆ ಕಣಮ್ಮ. ಆ ಡ್ರಮ್ಮಲ್ಲಿ ದುಡ್ಡು ತುಂಬಿಸ್ತಿದ್ದೆ ಅಂತ ಗೊತ್ತೇ ಆಗ್ಲಿಲ್ಲ."

"ನಿಮ್ಮ ತಪ್ಪೇನಿದೆ ಅತ್ತೆ? ನೀವು ಡ್ರಮ್ಮು ಇಡದೆ ಇದ್ದಿದ್ರೆ ಎಷ್ಟು ನೀರು ಸೋರ್ತಿದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ."

ಆ ದಿನವೇ ಪ್ಲಂಬರನ್ನು ಕರೆಸಿದರು. ನಲ್ಲಿಯ ಒಳಗಿನ ರಬ್ಬರ್ ವಾಷರ್ ಸವೆದು ಹೋಗಿತ್ತು. ವಾಷರಿಗೆ 10 ರೂಪಾಯಿ. ಕೂಲಿ 200 ರೂಪಾಯಿ.

ಆ ರಾತ್ರಿ ಎಂದಿನಂತೆ ಗೀಸರ್ ಹಾಕಿಯೇ ಪರೀಕ್ಷೆ ಮಾಡಿದರು. 4.2 ಇದ್ದದ್ದು 2.5ಕ್ಕೆ ಇಳಿಯಿತು. ಮಾರನೆಯ ದಿನದಿಂದ ರಾತ್ರಿ ಗೀಸರ್ ಹಾಕುವುದನ್ನೇ ಬಿಟ್ಟರು. ಬೆಳಿಗ್ಗೆ 20 ನಿಮಿಷ ಮೊದಲು ಹಾಕಿದರು. 2.5 ಇದ್ದದ್ದು 2.2 ಆಯಿತು. ಮುಂದಿನ ತಿಂಗಳು ಅವರು ಉಪಯೋಗಿಸಿದ್ದು 147 ಯೂನಿಟ್. ಬಿಲ್ಲು ಮತ್ತೆ ಸೊನ್ನೆ.

ಈಗ ರಾತ್ರಿ ಎಂಟು ಗಂಟೆಗೆ ಸೊಸೆ ಪುಸ್ತಕ ಹಿಡಿದರೆ ಅತ್ತೆ ಹೇಳುತ್ತಾರೆ: "ಆ ಮಿಣುಕು ದೀಪದಲ್ಲಿ ಯಾಕೆ ಓದ್ತೀಯ? ಕಣ್ಣು ಹಾಳಾಗುತ್ತೆ. ದೊಡ್ಡ ಲೈಟು ಹಾಕ್ಕೋ."

ನಿಮ್ಮ ಮನೆಯಲ್ಲಿ ಹೀಗೆ ಮಾಡಿ

1. ಬಿಲ್ಲುಗಳನ್ನು ಎಸೆಯಬೇಡಿ. ಒಂದು ದಾರಕ್ಕೆ ಪೋಣಿಸಿ ಇಡಿ. ಪ್ರತಿ ತಿಂಗಳೂ ಯೂನಿಟ್ಟನ್ನು ಹೋದ ತಿಂಗಳಿನ ಜೊತೆ ತಾಳೆ ನೋಡಿ.

2. ಆರ್.ಆರ್. ಸಂಖ್ಯೆ ನೋಡಿ ನಿಮ್ಮ ಮೀಟರ್ ಗುರುತಿಸಿ.

3. ಮೈನ್ ಸ್ವಿಚ್ ಆರಿಸಿ. ಮೀಟರಿನ ದೀಪ ಆಮೇಲೂ ಮಿನುಗುತ್ತಿದ್ದರೆ ಎಲ್ಲೋ ಕರೆಂಟು ಸೋರುತ್ತಿರಬಹುದು. ಇಲ್ಲವೇ ಬೇರೆಯವರ ತಂತಿ ನಿಮ್ಮ ಮೀಟರಿಗೆ ಸೇರಿರಬಹುದು. ಇಂಥದ್ದನ್ನು ನೀವೇ ಹುಡುಕಲು ಹೋಗಬೇಡಿ. ತಿಳಿದ ಎಲೆಕ್ಟ್ರಿಷಿಯನ್ನರನ್ನು ಕರೆಸಿ. 1912 ನಂಬರಿಗೂ ಫೋನ್ ಮಾಡಿ ದೂರು ಕೊಡಬಹುದು.

4. ಮಲಗುವಾಗ ಒಂದು ಸಲ, ಎದ್ದಾಗ ಒಂದು ಸಲ ಮೀಟರ್ ಬರೆಯಿರಿ. ಕಳೆಯಿರಿ.

5. ಒಂದು ರಾತ್ರಿಗೆ ಒಂದೇ ಸಾಮಾನು ಆರಿಸಿ ನೋಡಿ. ಎರಡು ಮೂರನ್ನು ಒಟ್ಟಿಗೆ ಆರಿಸಿದರೆ ಕಳ್ಳ ಯಾರು ಎಂದು ಗೊತ್ತಾಗುವುದಿಲ್ಲ. ಫ್ರಿಜ್ಜನ್ನು ಮಾತ್ರ ರಾತ್ರಿಯಿಡೀ ಆರಿಸಬೇಡಿ. ಒಳಗಿನ ಪದಾರ್ಥ ಕೆಡುತ್ತದೆ.

6. ಸಾಮಾನಿನ ಮೇಲೆ ಬರೆದ ವ್ಯಾಟ್ ನೋಡಿ ಲೆಕ್ಕ ಹಾಕಿ. ಲೆಕ್ಕಕ್ಕಿಂತ ಮೀಟರ್ ಬಹಳ ಹೆಚ್ಚು ತೋರಿಸಿದರೆ ಅಲ್ಲಿ ಏನೋ ದೋಷ ಇದೆ ಎಂದು ತಿಳಿಯಿರಿ.

ಎಚ್ಚರ! ಎಚ್ಚರ!

ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ.

ಮೀಟರಿನ ಸೀಲು ಒಡೆಯಬೇಡಿ. ಅದು ಅಪರಾಧ. ಅಪಾಯವೂ ಹೌದು. ನಾವು ಮೀಟರನ್ನು ಓದಬೇಕು. ಬಿಚ್ಚಬಾರದು.

ನಲ್ಲಿ, ಬಕೆಟ್ಟು, ಒದ್ದೆ ಗೋಡೆ ಮುಟ್ಟಿದಾಗ ಜುಮ್ ಎಂದರೆ ತಡ ಮಾಡಬೇಡಿ. ಕರೆಂಟು ನೀರಿಗೆ ಇಳಿದಿರಬಹುದು. ಕೂಡಲೇ ಮೈನ್ ಸ್ವಿಚ್ ಆರಿಸಿ. ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ಹಾಕಬೇಡಿ. 'ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ' ಎಂದು ಸುಮ್ಮನಿದ್ದರೆ ಜೀವಕ್ಕೇ ಕುತ್ತು.

ಗೀಸರ್ ಆರಿಸಿದ ಮೇಲೆಯೇ ಸ್ನಾನಕ್ಕೆ ಹೋಗಿ. ಮಕ್ಕಳಿಗೂ ಇದನ್ನೇ ಅಭ್ಯಾಸ ಮಾಡಿಸಿ.

ಕರೆಂಟು ಸೋರಿದ ಕೂಡಲೇ ತಾನಾಗಿ ಆರುವ ಸ್ವಿಚ್ ಇದೆ. ಅದಕ್ಕೆ ಆರ್.ಸಿ.ಸಿ.ಬಿ. ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ಅದು ಇದೆಯೇ ಎಂದು ಎಲೆಕ್ಟ್ರಿಷಿಯನ್ನರನ್ನು ಕೇಳಿ. ಇಲ್ಲದಿದ್ದರೆ ಹಾಕಿಸಿಕೊಡಿ ಎಂದು ಮನೆ ಮಾಲೀಕರನ್ನು ಕೇಳಿ.

ಹೊಸ ಮಾತುಗಳು

ಮಾಪನ: ಅಳತೆ
ನಿಗದಿ: ಇಷ್ಟು ಎಂದು ಗೊತ್ತುಮಾಡಿದ್ದು
ಉಚಿತ: ಹಣ ಕೊಡದೆ ಸಿಗುವುದು
ಶುಲ್ಕ: ಕಟ್ಟಬೇಕಾದ ಹಣ
ದೋಷ: ಕೊರತೆ, ಕೆಟ್ಟಿರುವುದು

ಉತ್ತರ ಬರೆಯಿರಿ

1. ಅತ್ತೆ ಮೊದಲು ಯಾವುದರ ಮೇಲೆ ಅನುಮಾನ ಪಟ್ಟರು?
2. ರಾತ್ರಿಯೇ ಹೆಚ್ಚು ಕರೆಂಟು ಹೋಗುತ್ತಿದೆ ಎಂದು ಸೊಸೆಗೆ ಹೇಗೆ ತಿಳಿಯಿತು?
3. ಡ್ರಮ್ಮಿನ ನೀರು ಬಿಸಿನೀರು ಎಂದು ಯಾರಿಗೂ ಯಾಕೆ ಗೊತ್ತಾಗಲಿಲ್ಲ?
4. 200 ಯೂನಿಟ್ ದಾಟಿದರೆ ಏನಾಗುತ್ತದೆ?

ಲೆಕ್ಕ ಮಾಡಿ

1. ಒಂದು ಮನೆಯಲ್ಲಿ ರಾತ್ರಿ 10 ಗಂಟೆಗೆ ಮೀಟರ್ 2315.4 ಇತ್ತು. ಬೆಳಿಗ್ಗೆ 6 ಗಂಟೆಗೆ 2318.9 ಇತ್ತು. ರಾತ್ರಿ ಎಷ್ಟು ಯೂನಿಟ್ ಆಯಿತು?
2. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಅರ್ಧ ಗಂಟೆ ಉಪಯೋಗಿಸಿದರೆ ಎಷ್ಟು ಯೂನಿಟ್?
3. ಇವತ್ತು ರಾತ್ರಿ ಮಲಗುವಾಗ, ನಾಳೆ ಬೆಳಿಗ್ಗೆ ಎದ್ದಾಗ ನಿಮ್ಮ ಮನೆಯ ಮೀಟರ್ ಓದಿ. ಕೆಳಗೆ ಬರೆಯಿರಿ. ಮುಂದಿನ ತರಗತಿಗೆ ತನ್ನಿ. ಎಲ್ಲರೂ ಸೇರಿ ನೋಡೋಣ.

ಬೆಳಿಗ್ಗೆ: ............
ರಾತ್ರಿ: ............
ಕಳೆದರೆ: ............ ಯೂನಿಟ್